ಚಂಪಾ ಹಡೆಯುವ ತನಕ

ಪುಣೆಯ ಖಡಕಿ ಬಜಾರಿನಲ್ಲಿ ಟಾಂಗಾಗಳು ಇನ್ನೂ ಪೂರ್ತಿ ಸತ್ತಿರಲಿಲ್ಲ, ಬದುಕಿವೆ ಎಂದು ಹೇಳುವ ಹಾಗೂ ಇರಲಿಲ್ಲ. ಅಂಥ ಕಾಲವದು, ತೊಂಬತ್ತರ ದಶಕದ ನಡುಭಾಗ. ಸ್ಟೇಷನ್ನಿನ ಹೊರಗೆ ಆಟೋಗಳ ಸಾಲು ಉದ್ದವಾಗುತ್ತ ಹೋದಂತೆ ಟಾಂಗಾದವರು ಒಬ್ಬೊಬ್ಬರಾಗಿ ಗಾಡಿಯನ್ನು ಗುಜರಿಗೆ ಹಾಕಿ, ಕುದುರೆಯನ್ನಷ್ಟೇ ಉಳಿಸಿಕೊಂಡು, ಮದುವೆ ಮೆರವಣಿಗೆಗೆ ಇಳಿದಿದ್ದರು. ನಮ್ಮಪ್ಪನೂ ಅವರಲ್ಲೊಬ್ಬ. ಮದುಮಗನನ್ನು ಹೊರುವುದು ಹೆಣ್ಣು ಕುದುರೆಯೇ ಆಗಬೇಕು, ಅದೂ ಬಿಳಿಯದೇ ಆಗಬೇಕು. ನಮ್ಮ ಹೀರಾ ಬಿಳಿಯಿದ್ದಳು. ಆ ಬಿಳುಪಿನ ಮೇಲೆ ನಮ್ಮ ನಾಲ್ವರ ಹೊಟ್ಟೆ ನಡೆಯುತ್ತಿತ್ತು.

ನಾವು ಅಫಜಲಪುರದ ಕಡೆಯವರು. ನನ್ನ ಅಜ್ಜ ಗಾರೆ ಕೆಲಸಕ್ಕೆಂದು ಪುಣೆಗೆ ಬಂದು, ಕಟ್ಟುತ್ತಿದ್ದ ಮನೆಯೊಂದರ ಪರಾಂಚಿಯಿಂದ ಬಿದ್ದು ಸತ್ತ. ಪರಾಂಚಿ ಎಂದರೆ ಗೋಡೆಗೆ ಒರಗಿಸಿ ಕಟ್ಟುವ ಬಿದಿರಿನ ಅಟ್ಟ. ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಆಯಿ ಮಗನನ್ನು ಗಾರೆ ಕೆಲಸದ ಹತ್ತಿರವೂ ಸುಳಿಯಗೊಡದೆ ಒಬ್ಬ ಟಾಂಗಾದವನ ಕೈಕೆಳಗೆ ಹಾಕಿದ್ದಳು. ನಮ್ಮ ಮನೆ ರೈಲು ಹಳಿಯ ಪಕ್ಕದ ಉದ್ದನೆಯ ತಗಡಿನ ಶೆಡ್ಡು. ಅರ್ಧ ಕುದುರೆಗೆ, ಅರ್ಧ ನಮಗೆ. ನಡುವೆ ಎದೆಯೆತ್ತರದ ಇಟ್ಟಿಗೆಯ ಗೋಡೆ, ಮೇಲಿನ ತಗಡು ಮಾತ್ರ ಒಂದೇ. ಹುರುಳಿ ಬೇಯುವ ವಾಸನೆ, ಹಸಿ ಹುಲ್ಲಿನ ವಾಸನೆ, ಗಂಜಲದ ಘಾಟು, ಅವ್ವ ಬಡಿಯುತ್ತಿದ್ದ ರೊಟ್ಟಿಯ ವಾಸನೆ ಎಲ್ಲ ಕಲಸಿಕೊಂಡು ನಮ್ಮ ಬಟ್ಟೆಗೆ ಹತ್ತಿರುತ್ತಿತ್ತು. ಶಾಲೆಯಲ್ಲಿ ಹುಡುಗಿಯರು ನನ್ನ ಪಕ್ಕ ಕೂರಲು ಮೂಗು ಮುರಿಯುತ್ತಿದ್ದರು. ಆದರೆ ಹೀರಾಳ ಬಾಲದ ಕೂದಲನ್ನು ಹೊಸೆದು ನಾನು ಮಾಡುತ್ತಿದ್ದ ಉಂಗುರ ಎಲ್ಲರಿಗೂ ಬೇಕಿತ್ತು. ಒಂದು ಉಂಗುರಕ್ಕೆ ಒಂದು ಹಿಡಿ ಹುಣಸೆಹಣ್ಣು. ಉಂಗುರಕ್ಕೆ ವಾಸನೆ ಇರಲಿಲ್ಲವೇನೋ!

ಆ ವರ್ಷ ದಸರೆ ಮುಗಿದದ್ದೇ ಹೀರಾ ಹೊಟ್ಟೆಶೂಲೆ ಬಂದು ಸತ್ತಳು. ಅಪ್ಪ ಒಂದಿಡೀ ದಿನ ಅವಳನ್ನು ನಡೆಸಿದ, ಹೊಟ್ಟೆ ತಿಕ್ಕಿದ, ಓಮಿನ ಕಷಾಯ ಕುಡಿಸಿದ. ಸಂಜೆಗೆ ಅವಳು ಮಲಗಿದಳು, ಏಳಲಿಲ್ಲ. ದೀಪಾವಳಿಗೆ ನಮ್ಮ ಮನೆಯಲ್ಲಿ ಎಣ್ಣೆ ಕಾಯಲಿಲ್ಲ. ಅಪ್ಪ ಖಾಲಿ ತಬೇಲದ ಬಾಗಿಲಲ್ಲಿ ಕೂತು ಲಗಾಮಿಗೆ ಎಣ್ಣೆ ಹಚ್ಚುತ್ತಿದ್ದ. ಹಚ್ಚಿದ್ದಕ್ಕೇ ಮತ್ತೆ ಹಚ್ಚುತ್ತಿದ್ದ. ತುಳಸಿ ಲಗ್ನ ಆದ ಮೇಲೆ ಮದುವೆಗಳು ಶುರುವಾಗುತ್ತವೆ, ಆ ಹೊತ್ತಿನಲ್ಲಿ ಒಳ್ಳೆಯ ಬಿಳಿ ಕುದುರೆಯನ್ನು ನಮ್ಮಂಥವರು ಕೈಯಿಂದ ಮುಟ್ಟುವ ಹಾಗೂ ಇರುವುದಿಲ್ಲ. ನಮ್ಮೂರ ಕಡೆಯ ಒಬ್ಬ ಗಾರೆ ಮೇಸ್ತ್ರಿ ಬಂದು ಅಪ್ಪನಿಗೆ, "ಭೀಮಣ್ಣಾ, ಎಷ್ಟು ದಿನಾ ಹಿಂಗ ಕುಂಡ್ರತಿ? ನಾಳಿಂದ ಕೆಲಸಕ್ಕ ಬಾ" ಎಂದು ಹೇಳಿ ಹೋದ. ಆಯಿ ಅವನಿಗೆ ಚಹಾ ಕೊಡಲಿಲ್ಲ. ಅವನು ಹೋದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಆಗ ಅವ್ವನಿಗೆ ಆರು ತಿಂಗಳು. ನಾನು ಹುಟ್ಟಿದ ಮೇಲೆ ಎರಡು ಸಲ ಹೊಟ್ಟೆ ನಿಂತು, ಎರಡೂ ಸಲ ಇಳಿದುಹೋಗಿತ್ತು. ಈ ಸಲ ಆರಕ್ಕೆ ಬಂದಿತ್ತು. ನಮ್ಮ ಶೆಡ್ಡಿನಿಂದ ಹಳಿ ದಾಟಿದರೆ ದವಾಖಾನೆ, ಕೂಗಿದರೆ ಕೇಳಿಸುವಷ್ಟು ಹತ್ತಿರ. ಅಲ್ಲಿಯ ನರ್ಸಬಾಯಿ ಅವ್ವನ ಕೈ ಹಿಡಿದು, ಹೆರಿಗೆ ಇಲ್ಲೇ ಆಗಬೇಕು, ಬೇರೆಲ್ಲೂ ಹೋಗಬೇಡ ಎಂದು ಮರಾಠಿಯಲ್ಲಿ ಮೂರು ಸಲ ಹೇಳಿ ಕಳಿಸಿದ್ದಳು. ಅವ್ವ ಮನೆಗೆ ಬಂದು ಅದನ್ನು ಹೆಮ್ಮೆಯಿಂದ ಹೇಳಿದ್ದಳು, ದೊಡ್ಡ ಮನೆಯವರು ಊಟಕ್ಕೆ ಕರೆದರೆ ಹೇಳುವ ಹಾಗೆ.

ಜೇಜುರಿಯ ಕುದುರೆಯ ಸುದ್ದಿ ತಂದವನು ಬ್ಯಾಂಡಿನಲ್ಲಿ ತುತ್ತೂರಿ ಊದುವವನು. ಅಲ್ಲಿ ಹೌಸಾಬಾಯಿ ಎಂಬ ಮುದುಕಿಯ ಗಂಡ ತೀರಿಕೊಂಡಿದ್ದ. ಅವನ ಕುದುರೆ ಬಿಳಿಯದು, ವಯಸ್ಸು ಇನ್ನೂ ಇದೆ, ಆದರೆ ಗಬ್ಬವಾಗಿದೆ. ಮದುವೆ ಕಾಲದ ಬಾಗಿಲಲ್ಲಿ ಗಬ್ಬದ ಕುದುರೆಯನ್ನು ಯಾರು ಕೊಳ್ಳುತ್ತಾರೆ? ಅದಕ್ಕೇ ನಮ್ಮ ಕೈಗೆಟುಕುವ ಹಾಗಿತ್ತು.

ಆಯಿ ಮೊದಲೇ ಬೇಡ ಎಂದಳು. ಯಾಕೆಂದು ಹೇಳಲಿಲ್ಲ. ಅಪ್ಪ, "ನೋಡಿಕೊಂಡರ ಬರೂನು, ಮಲ್ಲಯ್ಯಗ ಕಾಯಿ ಒಡದಂಗೂ ಆಗ್ತದ" ಎಂದ. ಮರಾಠಿಯವರ ಖಂಡೋಬಾ ನಮಗೆ ಮಲ್ಲಯ್ಯ, ಮನೆದೇವರು. ದೇವರ ಹೆಸರು ಬಂದ ಮೇಲೆ ಆಯಿ ಬಾಯಿ ಮುಚ್ಚಿದಳು. ನಾಲ್ವರೂ ಹೊರಟೆವು.

ಜೇಜುರಿಯಲ್ಲಿ ಕಾಲಿಟ್ಟಲ್ಲೆಲ್ಲ ಭಂಡಾರ, ಅರಿಶಿನದ ಪುಡಿ. ಆಯಿ ಮತ್ತು ಅಪ್ಪ ಗುಡ್ಡ ಹತ್ತಿದರು. ಬಸುರಿ ಮೆಟ್ಟಿಲು ಹತ್ತುವುದು ಬೇಡವೆಂದು ಅವ್ವನನ್ನೂ ನನ್ನನ್ನೂ ಕೆಳಗೆ ಹೌಸಾಬಾಯಿಯ ಅಂಗಳದಲ್ಲಿ ಬಿಟ್ಟರು. ಹಾಗಾಗಿ ಚಂಪಾಳನ್ನು ನಮ್ಮ ಮನೆಯಲ್ಲಿ ಮೊದಲು ನೋಡಿದವರು ಕೊಳ್ಳಬೇಕಾದ ಅಪ್ಪನಲ್ಲ, ನಾವಿಬ್ಬರು.

ಬೇವಿನ ಮರಕ್ಕೆ ಕಟ್ಟಿದ್ದರು. ಹಣೆಗೆ, ಬೆನ್ನಿಗೆ ಭಂಡಾರ ಮೆತ್ತಿಕೊಂಡು ಹಳದಿಯಾಗಿದ್ದಳು. ಹೊಟ್ಟೆ ಎರಡೂ ಕಡೆ ಉಬ್ಬಿ ಕೆಳಗಿಳಿದಿತ್ತು. ಹೌಸಾಬಾಯಿ ನಮ್ಮನ್ನು ಕೂರಿಸಿ ನೀರು ಕೊಟ್ಟಳು. ಅವ್ವನ ಹೊಟ್ಟೆ ನೋಡಿ ಎಷ್ಟು ತಿಂಗಳು ಎಂದು ಕೇಳಿದಳು. ಆಮೇಲೆ ಬಾವಿಯಿಂದ ಒಂದು ಬಕೆಟ್ಟು ತಣ್ಣೀರು ಸೇದಿ ಕುದುರೆಯ ಮುಂದಿಟ್ಟಳು.

"ಬಘ ಆತಾ" ಎಂದಳು. ಈಗ ನೋಡು.

ಚಂಪಾ ಕುಡಿದಳು. ಮುದುಕಿ ಅವ್ವನ ಕೈ ಹಿಡಿದು ಕುದುರೆಯ ಪಕ್ಕೆಯ ಕೆಳಗೆ ಒತ್ತಿಟ್ಟಳು. ತಣ್ಣೀರು ಒಳಗೆ ಹೋದರೆ ಮರಿ ಅಲುಗಾಡುತ್ತದಂತೆ. ಅವ್ವನ ಮುಖ ಅರಳಿತು.

"ಒದೀತದ ನಿಂಗೂ!" ಎಂದಳು ಕುದುರೆಗೆ. ನನ್ನ ಕಡೆ ತಿರುಗಿ, "ಬಾ ಇಲ್ಲಿ, ಕೈ ಇಡು."

ನಾನೂ ಇಟ್ಟೆ. ಬಿಸಿ ಚರ್ಮದ ಒಳಗಿನಿಂದ ಏನೋ ನನ್ನ ಅಂಗೈಯನ್ನು ತಳ್ಳಿತು. ಹೆದರಿ ಕೈ ತೆಗೆದೆ. ಅವ್ವ ನಕ್ಕಳು. ಹೀರಾ ಸತ್ತ ಮೇಲೆ ನಮ್ಮ ಮನೆಯಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಆ ನಗುವನ್ನು ನಾನು ಈಗಲೂ ಚೆನ್ನಾಗಿ ನೆನಪಿಟ್ಟುಕೊಂಡಿದ್ದೇನೆ.

ಅಪ್ಪ ಇಳಿದು ಬಂದು ಕುದುರೆಯ ಹಲ್ಲು ನೋಡಿದ, ಗೊರಸು ಎತ್ತಿ ನೋಡಿದ, ಮೈಮೇಲಿನ ಸುಳಿಗಳನ್ನು ಬೆರಳಾಡಿಸಿ ನೋಡಿದ. ಯಾವುದರಲ್ಲೂ ಕೊರತೆ ಸಿಗಲಿಲ್ಲ. ಹೋದ ಸಂಕ್ರಾಂತಿ ಆದ ಮೇಲೆ ಗಂಡಿಗೆ ಕೊಟ್ಟದ್ದು, ಕುದುರೆಗೆ ಹನ್ನೊಂದು ತಿಂಗಳು, ಮಾರ್ಗಶಿರ ಮುಗಿಯುವುದರೊಳಗೆ ಹಡೆಯುತ್ತಾಳೆ ಎಂದು ಹೌಸಾಬಾಯಿ ಲೆಕ್ಕ ಕೊಟ್ಟಳು. ತಾನು ಮುಂಬೈಗೆ ಮಗನ ಮನೆಗೆ ಹೋಗುವವಳು. ತುಳಸಿ ಲಗ್ನದ ತನಕ ಕಾಯುತ್ತೇನೆ, ಆಮೇಲೆ ಇಟ್ಟಿಗೆ ಭಟ್ಟಿಯವನೊಬ್ಬ ಕೇಳಿದ್ದಾನೆ, ಅವನಿಗೆ ಕೊಡಬೇಕಾಗುತ್ತದೆ ಎಂದಳು. ಭಟ್ಟಿಯಲ್ಲಿ ಗಬ್ಬದ ಕುದುರೆಗೆ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೊರಡುವಾಗ ಮುದುಕಿ ಅವ್ವನಿಗೆ ಹಸಿರು ಕುಬಸದ ಬಟ್ಟೆ, ಕಾಯಿ, ಅಕ್ಕಿ ಹಾಕಿ ಉಡಿ ತುಂಬಿದಳು.

ಆಯಿ ಬಾಯಿ ಬಿಟ್ಟದ್ದು ಮನೆಗೆ ಬಂದ ಮೇಲೆ, ಊಟಕ್ಕೆ ಕೂತಾಗ.

"ಎರಡು ಬಸುರು ಒಂದ ಸೂರಿನ ಕೆಳಗ ಇರಬಾರದು. ಒಂದು ಉಳದರ ಒಂದು ಉಳಿಯೂದಿಲ್ಲ."

"ಅದು ಮನಷ್ಯಾರಿಗೆ ಯವ್ವಾ. ಕುದುರಿಗೇನು ಅದರದು?" ಎಂದ ಅಪ್ಪ.

"ಜೀವಕ್ಕ ಜೀವ. ನಿನ್ನ ಬೆನ್ನಿಗೆ ಬಂದಿದ್ದು ಹ್ಯಾಂಗ ಹೋತು, ಗೊತ್ತದೇನು ನಿನಗ? ಮನ್ಯಾಗ ಎಮ್ಮಿ ಗಬ್ಬ ಇತ್ತು. ನಮ್ಮತ್ತಿ ಏನಾಗ್ತದ ಬಿಡು ಅಂದಳು. ಎಮ್ಮಿ ಹಡೀತು. ನಂದು ಹೋತು."

ಅಪ್ಪನಿಗೆ ಒಬ್ಬ ತಮ್ಮನೋ ತಂಗಿಯೋ ಹುಟ್ಟಿತ್ತೆಂಬುದು ಅವನಿಗೂ ಆವತ್ತೇ ಗೊತ್ತಾದದ್ದು. ಆಯಿ ಸುಳ್ಳು ಹೇಳುವವಳಲ್ಲ. ಅವಳನ್ನು ನಾನು ಮುಂದೆ ಎಷ್ಟೋ ವರ್ಷ ಮನಸ್ಸಿನಲ್ಲೇ ಬೈದಿದ್ದೇನೆ, ಆದರೆ ಅವಳದು ಬರೀ ಹಟವಾಗಿರಲಿಲ್ಲ. ತಾನು ಉಂಡದ್ದನ್ನೇ ಹೇಳುತ್ತಿದ್ದಳು.

ಮುಂದಿನ ದಿನಗಳಲ್ಲಿ ಮನೆಯಲ್ಲಿ ಇದೊಂದೇ ಮಾತು. ಕುದುರೆಯನ್ನು ಬೇರೆಯವರ ತಬೇಲದಲ್ಲಿ ಇಡೋಣವೆಂದು ಅಪ್ಪ ಇಬ್ಬರನ್ನು ಕೇಳಿ ಬಂದ. ಮದುವೆ ಕಾಲದಲ್ಲಿ ಯಾರ ಬಳಿಯೂ ಜಾಗವಿರಲಿಲ್ಲ, ಇದ್ದವರಿಗೆ ಇನ್ನೊಂದು ಬಿಳಿ ಕುದುರೆ ಬಜಾರಿಗೆ ಬರುವುದು ಬೇಕಿರಲಿಲ್ಲ. ಕುದುರೆ ಬಿಟ್ಟರೆ ಉಳಿದದ್ದು ಪರಾಂಚಿ. ಆಯಿಗೆ ಅದೂ ಆಗದು, ಇದೂ ಆಗದು. ಒಂದು ಕಡೆ ಗಂಡನನ್ನು ತಿಂದದ್ದು, ಇನ್ನೊಂದು ಕಡೆ ಮಗುವನ್ನು ತಿಂದದ್ದು. ಅವಳು ಹಗಲೆಲ್ಲ ಸಜ್ಜೆ ಹಸನು ಮಾಡುತ್ತ ಕೂತಿರುತ್ತಿದ್ದಳು, ಕಲ್ಲು ಆರಿಸುವ ನೆಪದಲ್ಲಿ ಕಾಳನ್ನೇ ಚೆಲ್ಲುತ್ತಿದ್ದಳು.

ಕೊನೆಗೆ ದಾರಿ ಹುಡುಕಿದವಳು ಅವ್ವ. ಒಲೆಯ ಮುಂದೆ ಕೂತು, ಯಾರ ಮುಖವನ್ನೂ ನೋಡದೆ ಹೇಳಿದಳು.

"ಒಂದ ಸೂರಿನ ಕೆಳಗ ಇರಬಾರದು, ಅಷ್ಟ ಹೌದಲ್ಲರೀ ಅತ್ತಿ? ನಾನು ತವರಿಗೆ ಹೋಗ್ತೀನಿ. ಕುದುರಿ ಬರಲಿ. ಮಾರ್ಗಶಿರದಾಗ ಅದು ಹಡೀತದ. ನನಗ ಇನ್ನ ಮಾಘದ ತನಕ ದಿನಾ ಅದ. ಅದು ಹಡದ ಮರುದಿನ ನಾ ತಿರುಗಿ ಬಂದು ಇಲ್ಲೇ ದವಾಖಾನ್ಯಾಗ ಹಡೀತೀನಿ."

ಇದಕ್ಕಿಂತ ಚಂದದ ಉಪಾಯ ಇನ್ನೊಂದಿಲ್ಲ ಎಂದು ಎಲ್ಲರಿಗೂ ಅನ್ನಿಸಿತು. ನನಗೂ ಅನ್ನಿಸಿತು. ಆಯಿಯ ಮಾತೂ ಉಳಿಯಿತು, ಕುದುರೆಯೂ ಬಂತು, ನರ್ಸಬಾಯಿಯ ಮಾತಿಗೂ ಭಂಗವಿಲ್ಲ. ಆಯಿ ಮೊದಲ ಸಲ ಸೊಸೆಯ ತಲೆಯ ಮೇಲೆ ಕೈಯಿಟ್ಟು ಸವರಿದಳು. ಅಪ್ಪ ಮಾತ್ರ, "ಅಷ್ಟು ದೂರ ಯಾಕ..." ಎಂದು ಶುರು ಮಾಡಿದ. ಅವ್ವ ಅವನ ಕಡೆ ತಿರುಗಿ, "ನೀವು ಪರಾಂಚಿ ಏರೂದು ನಾ ನೋಡಂಗಿಲ್ಲರಿ. ತಗೋರಿ ಕುದುರಿ" ಎಂದಳು. ಕೊಳ್ಳುವುದೋ ಬಿಡುವುದೋ ಎಂಬ ಅಷ್ಟು ದಿನಗಳ ಗುದ್ದಾಟ ಅಲ್ಲಿಗೆ ಮುಗಿಯಿತು.

ತುಳಸಿ ಲಗ್ನದ ಹಿಂದಿನ ದಿನ ಮಾಮಾ ಬಂದು ಅವ್ವನನ್ನು ಬೆಳಗಿನ ರೈಲಿಗೆ ಕರೆದುಕೊಂಡು ಹೋದ. ಹೋಗುವಾಗ ಅವ್ವ ನನ್ನ ಕೈಯಲ್ಲಿ ಬೆಲ್ಲದ ಹೆಂಟೆ ಇಟ್ಟಳು. "ಕುದುರಿ ಬಂದಕೂಡ್ಲೆ ಮೊದಲು ಇದನ್ನ ತಿನಿಸು. ಹೊಸಾ ಮನಿ ಅಂತ ಅಂಜತದ ಪಾಪ." ಸಂಜೆ ಟೆಂಪೋದಲ್ಲಿ ಚಂಪಾ ಬಂದಳು. ಅವಳ ಕುತ್ತಿಗೆಗೆ ಒಂದು ಗಂಟು ಕಟ್ಟಿತ್ತು. ಬಿಚ್ಚಿದರೆ ಹಸಿರು ಕುಬಸದ ಬಟ್ಟೆ, ಒಳಗೆ ಕಾಯಿ, ಅಕ್ಕಿ, ಅರಿಶಿನದ ಕೊಂಬು. ಮನೆಮಗಳನ್ನು ಕಳಿಸುವ ಹಾಗೆ ಹೌಸಾಬಾಯಿ ಕುದುರೆಗೂ ಉಡಿ ತುಂಬಿ ಕಳಿಸಿದ್ದಳು. ಬಣ್ಣವೂ ಅವ್ವನಿಗೆ ಕೊಟ್ಟದ್ದೇ.

ಆ ಚಳಿಗಾಲವೆಲ್ಲ ನಾವು ಒಂದು ಕುದುರೆಯ ಕೆಚ್ಚಲನ್ನು ನೋಡುತ್ತ ಕಳೆದೆವು. ಹಡೆಯುವ ಮುಂಚೆ ಕೆಚ್ಚಲು ಬಿಗಿಯುತ್ತದೆ, ತೊಟ್ಟಿನ ತುದಿಗೆ ಮೇಣದಂಥ ಹನಿ ಕಟ್ಟುತ್ತದೆ, ಆಮೇಲೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ ಎಂದು ಅಪ್ಪ ಹೇಳಿಕೊಟ್ಟಿದ್ದ. ನಾನು ಬೆಳಿಗ್ಗೆ ಎದ್ದವಳೇ ಹಲ್ಲುಜ್ಜುವ ಮೊದಲು ಗೋಡೆಯ ಮೇಲೆ ಗದ್ದ ಊರಿ ಬಗ್ಗಿ ನೋಡುತ್ತಿದ್ದೆ. ಶಾಲೆಯಿಂದ ಬಂದು ಚೀಲ ಎಸೆದು ನೋಡುತ್ತಿದ್ದೆ. ಗೆಳತಿಯರು ಸಾಗರಗೋಟಿ ಆಡಲು ಕರೆದರೂ ಹೋಗುತ್ತಿರಲಿಲ್ಲ. ಚಂಪಾ ಒಳ್ಳೆಯವಳು. ನನ್ನ ಜಡೆಯನ್ನು ಹುಲ್ಲೆಂದುಕೊಂಡು ಎಳೆಯುತ್ತಿದ್ದಳು, ಬೆಲ್ಲ ತಿಂದು ಅಂಗೈ ನೆಕ್ಕುತ್ತಿದ್ದಳು. ನಾನು ಅವಳ ಕಿವಿಯಲ್ಲಿ ಹೇಳುತ್ತಿದ್ದೆ, "ಜಲ್ದಿ ಹಡಿ ಚಂಪಾ, ನಮ್ಮವ್ವ ಬರಬೇಕು."

ಮಾರ್ಗಶಿರ ಮುಗಿಯಿತು. ಚಂಪಾ ಹಡೆಯಲಿಲ್ಲ. ಮುದುಕಿಯ ಲೆಕ್ಕ ತಪ್ಪಿರಬಹುದೆಂದು ಅಪ್ಪನಿಗೆ ಅನುಮಾನ. ಹೌಸಾಬಾಯಿ ಮುಂಬೈಗೆ ಹೋಗಿಯಾಗಿತ್ತು, ಕೇಳುವಂತಿರಲಿಲ್ಲ. ಕುದುರೆ ಹನ್ನೆರಡರ ತನಕವೂ ಎಳೆಯುವುದುಂಟು ಎಂದು ಇನ್ನೊಬ್ಬರು ಹೇಳಿದರು. ಪೌಷ ಹಿಡಿಯಿತು. ಮದುವೆಗಳು ನಿಂತವು. ಬಜಾರಿನ ಕುದುರೆಗಳೆಲ್ಲ ಮೈ ಚಾಚಿ ಬಿಸಿಲು ಕಾಯುತ್ತಿದ್ದವು. ಭೋಗಿಯ ದಿನ ಆಯಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಮಾಡಿ, ಅವರೆ, ಗಜ್ಜರಿ, ಬದನೆಕಾಯಿ ಎಲ್ಲ ಹಾಕಿ ಪಲ್ಯ ಮಾಡಿದಳು. ಅವ್ವನ ಕೈಯ ರುಚಿ ಇರಲಿಲ್ಲ.

ಸಂಕ್ರಾಂತಿಯ ದಿನ ಅಪ್ಪ ತಡೆಯಲಾರದೆ ಹೇಳಿದ. "ಯವ್ವಾ, ನಾ ಹೋಗಿ ಮಾದೇವೀನ್ನ ಕರಕೊಂಡ ಬರ್ತೀನಿ. ಎಂಟನೇದು ಮುಗೀಲಿಕ್ಕ ಬಂತು. ಆಮ್ಯಾಲ ರೈಲಾಗ ತರಲಿಕ್ಕೂ ಆಗಂಗಿಲ್ಲ."

ಆಯಿ ಎದ್ದು ತಬೇಲಕ್ಕೆ ಹೋಗಿ ಬಂದಳು. "ಕೆಚ್ಚಲು ಬಿಗದದ. ಇನ್ನೇನು ಇವತ್ತೋ ನಾಳೆಯೋ. ಇಷ್ಟು ದಿನಾ ತಡದೀವಿ, ಇನ್ನೆರಡು ದಿನಕ್ಕ ಯಾಕ ಕೆಡಸ್ಕೋತಿ?"

ಅವಳು ಹೇಳಿದ್ದು ನಿಜ. ಕೆಚ್ಚಲು ಬಿಗಿದಿತ್ತು. ನಾನೂ ನೋಡಿದ್ದೆ. ಅಪ್ಪ ಚಪ್ಪಲಿ ಬಿಟ್ಟು ಮತ್ತೆ ಕೂತ.

ಎರಡು ದಿನ ಹೋಗಿ ಮೂರನೆಯ ದಿನ ನಸುಕಿನಲ್ಲಿ ಚಂಪಾ ನರಳುವ ಸದ್ದಿಗೆ ನನಗೆ ಎಚ್ಚರವಾಯಿತು. ಮರಿಯ ಒಂದು ಕಾಲು ಹೊರಬಂದಿತ್ತು, ಇನ್ನೊಂದು ಒಳಗೆ ಮಡಚಿಕೊಂಡಿತ್ತು. ಅಪ್ಪ ಬರಿಗಾಲಲ್ಲಿ ಓಡಿದ. ಖಡಕಿಯಲ್ಲಿ ದಂಡಿನ ಕುದುರೆಗಳನ್ನು ನೋಡಿಕೊಂಡು ನಿವೃತ್ತರಾದ ಒಬ್ಬ ಡಾಕ್ಟರು ಹಿಂದಿನ ಗಲ್ಲಿಯಲ್ಲೇ ಇದ್ದರು. ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಅವರು ಬಂದರು, ತೋಳಿಗೆ ಸಾಬೂನು ಹಚ್ಚಿದರು, ಒಳಗೆ ಕೈ ಹಾಕಿ ಮಡಚಿದ ಕಾಲನ್ನು ನೇರ ಮಾಡಿದರು. ಬೆಳಕು ಹರಿಯುವ ಹೊತ್ತಿಗೆ ಹುಲ್ಲಿನ ಮೇಲೆ ಒದ್ದೆಯಾದ ಕಪ್ಪು ಹೆಣ್ಣುಮರಿ ಬಿದ್ದಿತ್ತು. ಬಿಳಿ ಕುದುರೆಗೆ ಕಪ್ಪು ಮರಿ! ನನಗೆ ನಿರಾಸೆಯಾಯಿತು. ದೊಡ್ಡದಾದಂತೆ ಬೆಳ್ಳಗಾಗುತ್ತದೆ ಎಂದು ಡಾಕ್ಟರು ನಕ್ಕರು. ಇನ್ನು ಅರ್ಧ ತಾಸು ತಡವಾಗಿದ್ದರೆ ಎರಡೂ ಉಳಿಯುತ್ತಿರಲಿಲ್ಲ ಎಂದೂ ಹೇಳಿದರು.

ಅಪ್ಪ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಎಳ್ಳುಬೆಲ್ಲದ ಪೊಟ್ಟಣ ಜೇಬಿಗಿಟ್ಟುಕೊಂಡು ಸ್ಟೇಷನ್ನಿಗೆ ಹೊರಟ. "ನಾಳಿ ಸಂಜಿಗೆ ನಿಮ್ಮವ್ವನ್ನ ಕರಕೊಂಡ ಬರ್ತೀನಿ" ಎಂದ. ನಾನು ಶಾಲೆಗೆ ಚಕ್ಕರು ಹೊಡೆದು ಮರಿಯ ಮುಂದೆ ಕೂತೆ. ಅದು ನಿಲ್ಲಲು ಹೋಗಿ ಬೀಳುತ್ತಿತ್ತು, ಬಿದ್ದು ಏಳುತ್ತಿತ್ತು. ಅಷ್ಟು ಸಂತೋಷದ ಹಗಲು ನನ್ನ ಬಾಲ್ಯದಲ್ಲಿ ಮತ್ತೆ ಬರಲಿಲ್ಲ.

ನಮಗೆ ಫೋನು ಬರುತ್ತಿದ್ದುದು ಮೂಲೆಯ ಕಿರಾಣಿ ಅಂಗಡಿಗೆ. ಇಳಿಹೊತ್ತಿನಲ್ಲಿ ಅಂಗಡಿಯವ ಕೂಗಿದ. ಆಯಿಗೆ ಫೋನೆಂದರೆ ಭಯ, ನಾನೇ ಕಿವಿಗೆ ಹಿಡಿದೆ. ಮಾಮಾ ಮಾತಾಡುತ್ತಿದ್ದ.

"ಅಪ್ಪ ಅದಾನೇನು? ಅಪ್ಪಗ ಕೊಡು."

"ಅಪ್ಪ ನಿಮ್ಮೂರಿಗೇ ಬರಲಿಕ್ಹತ್ಯಾನ ಮಾಮಾ! ಚಂಪಾ ಹಡೀತು! ಹೆಣ್ಣಮರಿ! ಅವ್ವಗ ಹೇಳ್ರಿ, ಚಂಪಾ ಹಡೀತು ಅಂತ ಹೇಳ್ರಿ!"

ಫೋನು ಕಟ್ಟಾಯಿತೇನೋ ಅಂದುಕೊಂಡೆ.

"ಮಾಮಾ?"

"ಆಯಿಗೆ ಕೊಡವ್ವಾ," ಎಂದ ಮಾಮಾ.

ಆಯಿ ಫೋನನ್ನು ಕಿವಿಗೆ ತಾಕಿಸದೆ ಸ್ವಲ್ಪ ದೂರ ಹಿಡಿದು ಕೇಳಿಸಿಕೊಂಡಳು. ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆ, ಬೀದಿಯ ಜನರ ನಡುವೆ, ಕುಸಿದು ಕೂತಳು.

ಅವ್ವನಿಗೆ ಹಿಂದಿನ ಸಂಜೆಯೇ ನೋವು ಕಾಣಿಸಿತ್ತು, ದಿನ ತುಂಬುವ ಮೊದಲೇ. ಸೂಲಗಿತ್ತಿ ಬಂದಳು, ತನ್ನಿಂದ ಆಗದು ಎಂದಳು. ಊರಿಗಿದ್ದ ಒಂದೇ ಜೀಪು ಬಾಡಿಗೆಗೆ ಹೋಗಿತ್ತು. ಟ್ರ್ಯಾಕ್ಟರಿನಲ್ಲಿ ಹಾಸಿಗೆ ಹಾಸಿ, ಅವಳನ್ನು ಮಲಗಿಸಿ, ತಾಲೂಕಿನ ದವಾಖಾನೆಯ ದಾರಿ ಹಿಡಿದರು. ಮಗು ಆ ದಾರಿಯಲ್ಲೇ ಹುಟ್ಟಿತು. ಗಂಡುಮಗು. ಅಳಲಿಲ್ಲ. ಅವ್ವ ಉಳಿದಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆವತ್ತು ತಿಳಿದದ್ದು ಇಷ್ಟೇ: ತಮ್ಮ ಹುಟ್ಟಿದ್ದ, ಈಗ ಇಲ್ಲ. ಮತ್ತು ಅಪ್ಪ ಆ ಹೊತ್ತಿನಲ್ಲಿ ಎಲ್ಲೋ ಸೊಲ್ಲಾಪುರದ ಆಚೆ ಕಿಟಕಿಯ ಪಕ್ಕ ಕೂತು, ಎದುರಿಗೆ ಕೂತವರಿಗೆ ಮರಿಯ ಸುದ್ದಿ ಹೇಳುತ್ತಿರಬಹುದು, ಎಳ್ಳುಬೆಲ್ಲ ಹಂಚುತ್ತಿರಬಹುದು. ಅವನನ್ನು ನಿಲ್ಲಿಸಿ ಹೇಳುವ ದಾರಿ ಯಾರಿಗೂ ಇರಲಿಲ್ಲ.

ಅವ್ವ ಬಂದದ್ದು ಮಾಘದಲ್ಲಿ. ಮದುವೆಗಳು ಮತ್ತೆ ಶುರುವಾಗಿದ್ದವು. ಎದೆಹಾಲು ಇನ್ನೂ ಬತ್ತಿರಲಿಲ್ಲ. ಬತ್ತಲೆಂದು ಆಯಿ ಬಜಾರಿನಿಂದ ಮಲ್ಲಿಗೆ ತಂದು ಅವಳ ಎದೆಗೆ ಹರಡಿ, ಸೀರೆಯ ಅಂಚಿನಿಂದ ಬಿಗಿಯಾಗಿ ಕಟ್ಟುತ್ತಿದ್ದಳು. ಗೋಡೆಯ ಆಚೆ ಮರಿ ಚಪ್ಪರಿಸಿಕೊಂಡು ಚಂಪಾಳ ಮೊಲೆ ಚೀಪುವ ಸದ್ದು ಕೇಳುತ್ತಿತ್ತು. ಅವ್ವ ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ. ಮುಚ್ಚಿಕೊಂಡಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ಒಂದು ಸಂಜೆ ಆಯಿ ತನಗೆ ತಾನೇ ಹೇಳಿಕೊಂಡ ಹಾಗೆ ಅಂದಳು, "ನಾ ಮೊದಲ ಹೇಳಿದ್ದೆ. ಒಂದು ಉಳದರ ಒಂದು ಉಳಿಯೂದಿಲ್ಲ ಅಂತ."

ಅವ್ವ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನಾ ಸೂರಿನ ಕೆಳಗ ಇರಲಿಲ್ಲಲ್ಲರೀ ಅತ್ತಿ," ಎಂದಳು.

ಆಯಿ ಆಮೇಲೆ ಆ ಮಾತನ್ನು ಸಾಯುವ ತನಕ ಎತ್ತಲಿಲ್ಲ. ಅಪ್ಪನೂ ಎತ್ತಲಿಲ್ಲ. ಅವನು ವೈಶಾಖದಿಂದ ಚಂಪಾಳನ್ನು ಮೆರವಣಿಗೆಗೆ ಒಯ್ಯತೊಡಗಿದ. ಅವಳ ಹಣೆಗೆ ಮಲ್ಲಿಗೆಯ ದಂಡೆ ಕಟ್ಟಬೇಕಿತ್ತು. ಅಪ್ಪ ಒಂದು ದಿನವೂ ಅದನ್ನು ಮನೆಯಲ್ಲಿ ಕಟ್ಟಲಿಲ್ಲ. ಕುದುರೆಯನ್ನು ಬರಿಹಣೆಯಲ್ಲಿ ಬೀದಿಯ ತುದಿಗೆ ಒಯ್ದು, ಅಲ್ಲಿ ಕಟ್ಟುತ್ತಿದ್ದ, ವಾಪಸು ಬರುವಾಗ ಅಲ್ಲೇ ಬಿಚ್ಚಿ ಒಗೆದು ಬರುತ್ತಿದ್ದ. ಅವನಿಗೆ ಬಾಯಿಂದ ಹೇಳಲು ಬಂದದ್ದಕ್ಕಿಂತ ಅದು ಹೆಚ್ಚು.

ಮರಿಯನ್ನು ಅವ್ವ ಬಹಳ ದಿನ ಮುಟ್ಟಲಿಲ್ಲ. ಮಳೆಗಾಲದಲ್ಲಿ ಒಮ್ಮೆ ಅದೇ ಗೋಡೆಯ ಮೇಲಿಂದ ತಲೆ ತೂರಿಸಿ ಅವಳ ಸೆರಗು ಎಳೆಯಿತು. ಅವ್ವ ಸೆರಗು ಬಿಡಿಸಿಕೊಂಡಳು. ಅದು ಮತ್ತೆ ಎಳೆಯಿತು. ಅವಳು ಡಬ್ಬಿ ತೆಗೆದು ಒಂದು ಚೂರು ಬೆಲ್ಲ ಕೊಟ್ಟಳು. ಹೆಸರಿಡು ಎಂದು ನಾನು ಎಷ್ಟು ಗೋಗರೆದರೂ ಇಡಲಿಲ್ಲ. ಅದು ಬೆಳೆದು, ಡಾಕ್ಟರು ಹೇಳಿದಂತೆ ವರ್ಷದಿಂದ ವರ್ಷಕ್ಕೆ ಬೆಳ್ಳಗಾಗಿ, ಎಷ್ಟೋ ಮದುಮಕ್ಕಳನ್ನು ಹೊತ್ತಿತು. ಬಜಾರಿನವರಿಗೆ ಅದು ಕೊನೆಯ ತನಕ ಚಂಪಾಳ ಮಗಳು. ನಮ್ಮ ಮನೆಯಲ್ಲಿ ಅದನ್ನು ಯಾರೂ ಯಾರ ಮಗಳೆಂದೂ ಕರೆಯಲಿಲ್ಲ, ಮರಿ ಎಂದೇ ಕರೆದೆವು. ಅವ್ವನಿಗೆ ಮತ್ತೆ ಹೊಟ್ಟೆ ನಿಲ್ಲಲಿಲ್ಲ.

ಈಗ ಆ ಶೆಡ್ಡಿನ ಜಾಗದಲ್ಲಿ ಮೊಬೈಲು ಅಂಗಡಿಗಳ ಸಾಲು ಇದೆ. ಅಪ್ಪ, ಆಯಿ, ಚಂಪಾ, ಮರಿ ಯಾರೂ ಇಲ್ಲ. ಹುರುಳಿ ಬೇಯುವ ವಾಸನೆ ನನ್ನ ಬಟ್ಟೆಯಿಂದ ಯಾವಾಗ ಹೋಯಿತೆಂದು ನನಗೆ ಗೊತ್ತೇ ಆಗಲಿಲ್ಲ. ಕುದುರೆ ಕೂದಲಿನ ಉಂಗುರ ಮಾಡುವುದನ್ನು ನನ್ನ ಮಗಳಿಗೆ ಕಲಿಸೋಣವೆಂದರೆ ಕೂದಲು ಎಲ್ಲಿಂದ ತರಲಿ? ಅವ್ವ ನಮ್ಮ ಜೊತೆ ವಾಕಡದ ಫ್ಲ್ಯಾಟಿನಲ್ಲಿದ್ದಾಳೆ. ನಾವು ಆ ಮನೆ ನೋಡಲು ಹೋದಾಗ ಎಲ್ಲರೂ ನೀರು, ಪಾರ್ಕಿಂಗು ಕೇಳಿದರೆ, ಅವಳು ಕೇಳಿದ್ದು ಒಂದೇ: ದವಾಖಾನೆ ಎಷ್ಟು ದೂರ?

ಹೋದ ಮದುವೆ ಕಾಲದಲ್ಲಿ ನಮ್ಮ ಸೊಸೈಟಿಗೆ ಒಂದು ಮೆರವಣಿಗೆ ಬಂತು. ಈಗ ಹೆಚ್ಚಿನವರು ಹೂ ಹಾಕಿದ ಕಾರು ತರುತ್ತಾರೆ, ಇವರು ಕುದುರೆ ತಂದಿದ್ದರು. ಬ್ಯಾಂಡಿನ ಸದ್ದು ಕೇಳಿ ಅವ್ವ ಬಾಲ್ಕನಿಗೆ ಬಂದಳು. ಎಲ್ಲರೂ ಮದುಮಗನನ್ನು ನೋಡುತ್ತಿದ್ದರು. ಅವ್ವ ಕುದುರೆಯ ಹೊಟ್ಟೆಯನ್ನು ನೋಡುತ್ತಿದ್ದಳು.

"ಗಬ್ಬ ಅದ," ಎಂದಳು.

ನನಗೇನೂ ಕಾಣಲಿಲ್ಲ. ಅವಳು ಒಳಗೆ ಹೋಗಿ ಬೆಲ್ಲ ತೆಗೆದುಕೊಂಡು, ಮೊಣಕಾಲು ನೋವಿದ್ದರೂ ಲಿಫ್ಟಿಗೆ ಕಾಯದೆ, ಮೆಟ್ಟಿಲು ಹಿಡಿದು ಇಳಿದಳು. ಮೇಲಿನಿಂದ ನೋಡಿದೆ. ಮದುಮಗ ಇಳಿದು ಹೋದ ಮೇಲೆ ಅವಳು ಕುದುರೆಗೆ ಬೆಲ್ಲ ತಿನ್ನಿಸಿದಳು. ಆಮೇಲೆ ಲಗಾಮು ಹಿಡಿದಿದ್ದವನನ್ನು ಏನೋ ಕೇಳಿದಳು. ಅವನು ನಾಚಿಕೊಂಡು ನಕ್ಕು ತಲೆಯಾಡಿಸಿದ.

ಏದುಸಿರು ಬಿಡುತ್ತ ಮೇಲೆ ಬಂದವಳನ್ನು ಕೂರಿಸಿ ನೀರು ಕೊಟ್ಟು, ಏನು ಕೇಳಿದಿ ಎಂದೆ.

"ಮನ್ಯಾಗ ಯಾರರೆ ಬಸುರಿ ಅದಾರೇನು ಅಂತ ಕೇಳಿದೆ. ಲಗ್ನನೇ ಆಗಿಲ್ಲಂತ ಅವಗ."

ನೀರು ಕುಡಿದು ಲೋಟ ಕೆಳಗಿಟ್ಟಳು.

"ಯಾರ್ನೂ ಊರಿಗೆ ಕಳಿಸಿಲ್ಲ ಹಂಗಾರ. ಚಲೋ ಆತು."